ತೋಳಪ್ಪನ ಅಹವಾಲು

"ಶಾಸಕರೇ, 2021ರ ಕಾಯ್ದೆಯಲ್ಲಿ ನನಗೇನು ಉಳಿಸಿದ್ದೀರಿ?" ಎಂದು ಅಮೆರಿಕದ ಐಡಹೊ ರಾಜ್ಯದ ತೋಳ ಕೇಳಿದರೆ, "ನೂರೈವತ್ತು ಸಾಕಲ್ಲಯ್ಯ!" ಎಂಬ ಉತ್ತರ ಸಿಕ್ಕೀತು. ಆಗ ಇದ್ದದ್ದು ಸುಮಾರು 1,500. ತಲೆಗಿಷ್ಟೇ ಪರವಾನಗಿ ಎಂಬ ಮಿತಿ ಹೋಯಿತು; ಹಿಮದಲ್ಲಿ ವಾಹನ ಹತ್ತಿ ಬೆನ್ನಟ್ಟಬಹುದು, ಕೊಲ್ಲಲು ಖಾಸಗಿ ಗುತ್ತಿಗೆದಾರರನ್ನೂ ನೇಮಿಸಬಹುದು. (ಗುತ್ತಿಗೆಯಿಲ್ಲದ ಸರ್ಕಾರಿ ಕೆಲಸ ಎಲ್ಲಿದೆ ಹೇಳಿ!) "ನಮ್ಮ ದನಕರುಗಳ ಗತಿ?" ದನಗಳೇ ಸುಮಾರು 25 ಲಕ್ಷ, ತೋಳ ಕೊಂದದ್ದೆಂದು ದೃಢಪಟ್ಟ ಜಾನುವಾರುಗಳು ವರ್ಷಕ್ಕೆ ಒಂದೆರಡು ನೂರರ ಮಟ್ಟದಲ್ಲಿ. ಹಸು ಕಳಕೊಂಡವನಿಗೆ ಈ ಸರಾಸರಿ ಸಮಾಧಾನ ಕೊಡದು, ಒಪ್ಪೋಣ. ಅವನಿಗೆ ಪರಿಹಾರ ಕೊಡಿ, ಹಾವಳಿಯಿಟ್ಟ ಗುಂಪನ್ನೇ ಹುಡುಕಿ ಹೊಡೆಯಿರಿ. ದನದ ಮುಖವನ್ನೇ ಕಾಣದ ಕಾಡಿನ ತೋಳಕ್ಕೂ ಅದೇ ಗುಂಡು ಯಾವ ನ್ಯಾಯ?

"ಎಲ್ಕ್ ಜಿಂಕೆಗಳನ್ನೆಲ್ಲ ನೀನೇ ತಿಂದು ಮುಗಿಸಿದೆಯಲ್ಲೋ!" "ಕಾಯ್ದೆಗೆ ಮುಂಚಿನ ವರ್ಷಗಳಲ್ಲಿ ನಿಮ್ಮ ಬೇಟೆಗಾರರು ವರ್ಷಕ್ಕೆ 20,000ಕ್ಕೂ ಹೆಚ್ಚು ಎಲ್ಕ್ ಹೊಡೆದರು ಸ್ವಾಮಿ. ಮುಗಿದಿದ್ದರೆ ಅಷ್ಟು ಸಿಕ್ಕಿದ್ದೆಲ್ಲಿಂದ?" ಕೆಲವು ಕಣಿವೆಗಳಲ್ಲಿ ಎಲ್ಕ್ ಇಳಿದದ್ದುಂಟು, ಆ ಕಣಿವೆಯ ಲೆಕ್ಕ ಇಡೀ ರಾಜ್ಯಕ್ಕೆ ಹೊಂದದು. ಈ ಮಸೂದೆಯನ್ನು ರಾಜ್ಯದ ಮೀನು ಮತ್ತು ಬೇಟೆ ಆಯೋಗವೇ ವಿರೋಧಿಸಿತ್ತು. "ಹಾಗಾದರೆ ಆಯೋಗವೂ ನಿನ್ನ ಪಕ್ಷವೋ?" "ಎಲ್ಲಿಯ ಪಕ್ಷ! ನನ್ನ ಬೇಟೆಗೆ ಕಾಲ ಗೊತ್ತು ಮಾಡುವವರೇ ಅವರು."