ದಾರುತುರಗ ನಿಕ್ಷೇಪ ಮೀಮಾಂಸೆ ಅಥವಾ ಮೊಮ್ಮಗ ಬೆಳೆದ ಮೇಲೆ ಮರದ ಕುದುರೆಯನ್ನು ಯಾರ ಮನೆಗೆ ಕೊಡಬೇಕೆಂಬ ವಿಚಾರ

ಒಂದು ಅಧಿಕರಣಕ್ಕೆ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂಬ ಐದು ಅಂಗಗಳಿರಬೇಕೆಂದು ಮೀಮಾಂಸಕರ ಮತ. ಮಲ್ಲೇಶ್ವರದ ಸಂಪ್ರದಾಯದಲ್ಲಿ ಆರನೆಯ ಅಂಗವೂ ಒಂದುಂಟು, ಕಾಫಿ. ಅದಿಲ್ಲದೆ ಇಲ್ಲಿ ಯಾವ ವಾದವೂ ಪೂರ್ವಪಕ್ಷವನ್ನು ದಾಟಿದ ನಿದರ್ಶನವಿಲ್ಲ.

ವಿಷಯ: ಹದಿಮೂರನೇ ಕ್ರಾಸಿನ ಒಂದು ಮನೆಯಲ್ಲಿ ಚನ್ನಪಟ್ಟಣದ ತೂಗಾಡುವ ಕುದುರೆಯೊಂದಿದೆ. ಅದನ್ನು ಹತ್ತಿ ಕೂತರೆ ಮೊಮ್ಮಗನ ಮಂಡಿ ಈಗ ಕುದುರೆಯ ಕಿವಿಗೆ ಬಡಿಯುತ್ತದೆ. ಬೆಳೆದವನು ಮೊಮ್ಮಗ, ಮನೆ ಬಿಡಬೇಕಾದ್ದು ಕುದುರೆ. ಈ ಅನ್ಯಾಯದ ಬಗ್ಗೆ ಸ್ಮೃತಿಕಾರರೆಲ್ಲ ಮೌನ.

ಕುದುರೆಯ ಕುಲಕ್ಕೆ ಕುಂದಿಲ್ಲ. ಅರಗಿನ ಬಣ್ಣದ ಬೊಂಬೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಊರಿನದು. ಶಾಲಿಹೋತ್ರಾದಿ ಅಶ್ವಶಾಸ್ತ್ರಜ್ಞರು ಕುದುರೆಯ ಮೈಮೇಲಿನ ಸುಳಿ ನೋಡಿ ಒಡೆಯನ ಭವಿಷ್ಯ ಹೇಳುತ್ತಿದ್ದರು. ಪ್ರಕೃತ ಕುದುರೆಯ ಹೊಟ್ಟೆಯ ಮೇಲೆ ಸ್ಕೆಚ್ ಪೆನ್ನಿನ ನೇರಳೆ ಸುಳಿ ಮೂರಿವೆ. ಇದು ಅಶುಭವೆಂದು ಬಣ್ಣ ಹೊಡೆಸಿದವರಿಗೆ ಮಾತ್ರ ಗೊತ್ತು.

ಇದ್ದಲ್ಲೇ ಇರಲಿ ಎನ್ನಬಹುದು. 1898ರ ಪ್ಲೇಗಿನ ನಂತರ ಜನ ತುಂಬಿದ ಈ ಬಡಾವಣೆಯ ಹಳೇ ಮನೆಗಳಲ್ಲಿ ಅಟ್ಟ ಇರುತ್ತಿತ್ತು. ತೊಟ್ಟಿಲು, ದಸರಾ ಬೊಂಬೆಯ ಪೆಟ್ಟಿಗೆ, ಮದುವೆ ಕಾಲದ ಕೊಳದಪ್ಪಲೆ ಎಲ್ಲವೂ ಮುಂದಿನ ತಲೆಮಾರಿಗಾಗಿ ಅಲ್ಲಿ ತಪಸ್ಸು ಮಾಡುತ್ತಿದ್ದವು. ಆ ಮನೆ ಕೆಡವಿ ಅಪಾರ್ಟ್‌ಮೆಂಟ್ ಎದ್ದಿತು. ಈಗಿರುವುದು ಲಾಫ್ಟು. ಅದರಲ್ಲಿ ಅಮೆರಿಕಕ್ಕೆ ಹೋಗಿಬರುವ ಸೂಟ್‌ಕೇಸುಗಳಿವೆ, ಅವುಗಳನ್ನು ಕದಲಿಸುವ ಅಧಿಕಾರ ಯಾರಿಗೂ ಇಲ್ಲ. ಕುದುರೆ ಹೊರಡಲೇಬೇಕು.

ಸಂಶಯ: ಕೊಡುವುದೇನೋ ಸರಿ, ಯಾವ ಬಗೆಯಲ್ಲಿ? ದಾನವಾದರೆ ತಿರುಗಿ ಬರುವುದಿಲ್ಲ. ಏಕೋಜಿ 1669ರಲ್ಲಿ ಮೇದರನಿಂಗನಹಳ್ಳಿಯನ್ನು ನಮ್ಮ ಕಾಡು ಮಲ್ಲೇಶ್ವರನಿಗೆ ಬಿಟ್ಟುಕೊಟ್ಟ. ಆಮೇಲೆ ಬಂದು ವಾಪಸು ಕೇಳಿದನೆಂದು ಯಾವ ಶಾಸನವೂ ಹೇಳುವುದಿಲ್ಲ. ಮನೆಯ ಅಜ್ಜಿ ಏಕೋಜಿಯಲ್ಲ. "ದಾನ ಗೀನ ಎಲ್ಲಾ ಇಲ್ಲಪ್ಪ. ಆಡ್ಕೊಳ್ಳಲಿ, ಆಮೇಲೆ ಕೊಡ್ಲಿ. ನಾಳೆ ನಮ್ಮ ಚಿಕ್ಕೋಳಿಗೆ ಮಗು ಆದ್ರೆ?" ಚಿಕ್ಕವಳು ಪಿಎಚ್‌.ಡಿ. ಮಾಡುತ್ತಿದ್ದಾಳೆ, ಮದುವೆಯ ಮಾತೆತ್ತಿದರೆ ಫೋನು ಇಡುತ್ತಾಳೆ. ಆದರೂ ಹುಟ್ಟದ ಮಗುವಿನ ಹಕ್ಕನ್ನು ಅಲ್ಲಗಳೆಯುವಂತಿಲ್ಲ.

ಇಲ್ಲಿ ನೆರವಿಗೆ ಬರುವವನು ಕಲ್ಯಾಣದ ವಿಜ್ಞಾನೇಶ್ವರ. ಆರನೇ ವಿಕ್ರಮಾದಿತ್ಯನ ಕಾಲದವನು, ಅಂದರೆ ನಮ್ಮವನೇ. ಅವನು ಮಿತಾಕ್ಷರಾ ವ್ಯಾಖ್ಯಾನ ಬರೆದ ಯಾಜ್ಞವಲ್ಕ್ಯ ಸ್ಮೃತಿಯ ಪ್ರಕಾರ, ಇಟ್ಟ ವಸ್ತು ರಾಜನಿಂದಲೋ ದೈವದಿಂದಲೋ ಕಳ್ಳರಿಂದಲೋ ಹೋದರೆ ಇಟ್ಟುಕೊಂಡವನು ತುಂಬಿಕೊಡಬೇಕಿಲ್ಲ. ಕೇಳಿ ಪಡೆದ ವಸ್ತುವಿಗೂ ಇದೇ ವಿಧಿ. ಹಾಗಾದರೆ ಎರಡೂವರೆ ವರ್ಷದ ಮಗು ಕುದುರೆಯ ಬಾಲ ಕಿತ್ತರೆ ಅದು ಯಾವ ಬಾಬ್ತು? ಆ ಮಗುವಿನ ಮನೆಯಲ್ಲಿ ವಿಚಾರಿಸಿದಾಗ ತಾಯಿ "ರಾಜ" ಎಂದಳು, ತಂದೆ "ದೈವೇಚ್ಛೆ" ಎಂದ. ಮೂರನೆಯದನ್ನು ಅಜ್ಜಿ ಮನಸ್ಸಿನಲ್ಲೇ ಅಂದುಕೊಂಡರು.

ಇಂಗ್ಲಿಷರ 1872ರ ಕರಾರು ಕಾಯ್ದೆ ಇನ್ನೂ ಉದಾರ. ಪುಕ್ಕಟೆ ಕೊಟ್ಟ ವಸ್ತುವನ್ನು ಗಡುವಿನೊಳಗೇ ವಾಪಸು ಕೇಳಬಹುದೆನ್ನುತ್ತದೆ ಅದರ 159ನೇ ಕಲಂ. 163ನೆಯದು ನಂಬಿ ಬಿಟ್ಟ ಹಸು ಕರು ಹಾಕಿದರೆ ಕರುವನ್ನೂ ಒಪ್ಪಿಸಬೇಕೆನ್ನುತ್ತದೆ. ಅಜ್ಜಿಗೆ ಇದನ್ನು ಓದಿ ಹೇಳಬಾರದಿತ್ತು.

ಪೂರ್ವಪಕ್ಷ: ನೆಂಟರಿಗೇ ಕೊಡೋಣ. ಇದಕ್ಕೆ ಲಕ್ಷ್ಮೀಶನ ಜೈಮಿನಿ ಭಾರತವೇ ಉತ್ತರ. ಯಾಗದ ಕುದುರೆಯನ್ನು ಲವ ಉತ್ತರೀಯದಿಂದ ಬಾಳೆಗಿಡಕ್ಕೆ ಕಟ್ಟಿದ. ಬಿಡಿಸಿಕೊಳ್ಳಲು ಚಿಕ್ಕಪ್ಪಂದಿರು ಸಾಲಾಗಿ ಬಂದು ಬಿದ್ದು, ಕೊನೆಗೆ ಅಪ್ಪನೇ ಬರಬೇಕಾಯಿತು. ಅವರು ನೆಂಟರಲ್ಲ, ಸ್ವಂತ ಮನೆಯವರು! ಪ್ಲೇಹೋಮಿಗೆ ಕೊಡೋಣವೆಂಬ ಮತಾಂತರವೂ ಇದೆ. ನಲವತ್ತು ಸವಾರರನ್ನು ಯಾವ ಕುದುರೆಯೂ ತಾಳದು.

ಸಿದ್ಧಾಂತ: ಕುದುರೆಗೆ ನೆಲಮಹಡಿಯ ಮನೆಯೇ ಪ್ರಶಸ್ತ, ರೆಡ್ ಆಕ್ಸೈಡ್ ನೆಲವಾದರೆ ಉತ್ತಮ. ಮೇಲಿನ ಮಹಡಿಯಲ್ಲಿ ಟೈಲ್ಸಿನ ಮೇಲೆ ತೂಗಿದರೆ ಕೆಳಗಿನವರು ಅಸೋಸಿಯೇಷನ್ನಿಗೆ ದೂರು ಕೊಡುತ್ತಾರೆ. ಮಗು ಒಂದೇ ಇರಬೇಕು. ಮರಗೆಲಸ ಬಲ್ಲ ಮಾವ ಇರಕೂಡದು, ಆತ ಚಕ್ರ ಜೋಡಿಸದೆ ಬಿಡುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಆ ಮನೆ ಎಂಟನೇ ಕ್ರಾಸಿನ ಮಾರುಕಟ್ಟೆಗೆ ಹೋಗುವ ದಾರಿಯಲ್ಲಿರಬೇಕು. "ಸೊಪ್ಪು ತರೋಕೆ ಬಂದಿದ್ದೆ, ಹಾಗೇ ಬಂದೆ" ಎಂದು ಒಳಗೆ ಕಾಲಿಟ್ಟು, ಕಾಫಿ ಬರುವಷ್ಟರಲ್ಲಿ ಕಿವಿ, ಬಾಲ, ಸವಕಳಿಯ ತಪಾಸಣೆ ಮುಗಿಸಬಹುದು. ರೈಲು ಹಳಿಯ ಆಚೆಗೆ ಕೊಟ್ಟದ್ದನ್ನು ಹೋದದ್ದೆಂದೇ ಲೆಕ್ಕ ಹಾಕತಕ್ಕದ್ದು.

ಹೀಗೆ ಶೋಧಿಸಿ ಹನ್ನೊಂದನೇ ಕ್ರಾಸಿನ ಒಂದು ಮನೆಗೆ ಕುದುರೆ ಹೋಯಿತು. ಆಯುಧಪೂಜೆಯ ದಿನ ಅವರು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿ, ಸ್ಕೂಟರಿನ ಪಕ್ಕ ನಿಲ್ಲಿಸಿ ಮಂಗಳಾರತಿ ಎತ್ತಿದರು. ಪೂಜೆಗೊಂಡದ್ದನ್ನು ವಾಪಸು ಕೇಳುವುದು ಹೇಗೆ? 159ನೇ ಕಲಂ ಇಲ್ಲಿ ಕೆಲಸ ಮಾಡುವುದಿಲ್ಲ. ಅಜ್ಜಿಯೂ ಆರತಿ ತೆಗೆದುಕೊಂಡು ಬಂದರು.

ಸಂಗತಿ: ಈ ಗಡಿಬಿಡಿಯಲ್ಲಿ ಅಜ್ಜಿ ಬಾಯಿ ತಪ್ಪಿ ಒಂದು ಮಾತು ಆಡಿದರು. ಆ ಕುದುರೆಯನ್ನು ಅವರೂ ಕೊಂಡದ್ದಲ್ಲವಂತೆ. ಹಿರಿ ಮೊಮ್ಮಗಳು ಅಂಬೆಗಾಲಿಡುವಾಗ ರಾಜಾಜಿನಗರದ ಷಡ್ಡಕರ ಮನೆಯಿಂದ "ಆರು ತಿಂಗಳಿಗೆ" ತಂದದ್ದಂತೆ. ಒಬ್ಬರು ಇಟ್ಟದ್ದನ್ನು ಇನ್ನೊಬ್ಬರ ಕೈಯಲ್ಲಿಡುವುದಕ್ಕೆ ಸ್ಮೃತಿಯಲ್ಲಿ ಅನ್ವಾಹಿತವೆಂದು ಹೆಸರು, ಅದಕ್ಕೂ ನಿಕ್ಷೇಪದ್ದೇ ನಿಯಮ. ಆದ್ದರಿಂದ ಶಾಸ್ತ್ರಬಾಧೆಯಿಲ್ಲ. ರಾಜಾಜಿನಗರದ ಓದುಗರು ಈ ಪ್ರಬಂಧವನ್ನು ಓದದೆ ಪುಟ ತಿರುಗಿಸಬೇಕಾಗಿ ವಿನಂತಿ.