ಟೋಪಿ ತೆಗೆಯಬೇಡಿ, ಸಾಹೇಬರೇ
ಕೋಠಿಯ ಲೇಸರ್ ಡಯೋಡ್ ಜೊತೆ ಒಂದು ಕಾಲ್ಪನಿಕ ಸಂದರ್ಶನ

ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಯಲ್ಲಿ ರೆಸಿಸ್ಟರ್‌ನಿಂದ ಮೋಟರ್‌ವರೆಗೆ ಬಿಡಿಭಾಗಗಳ ಸಂತೆ. ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರ ಅಲ್ಲಿಂದ ಬಹಳ ದೂರವೇನಿಲ್ಲ. ಆದ್ದರಿಂದ ನಮ್ಮ ಅತಿಥಿಗೆ ಕನ್ನಡ ಬರುತ್ತಿತ್ತೆಂದು ಓದುಗರು ನಂಬಬೇಕು. 5.6 ಮಿಲಿಮೀಟರ್ ಅಗಲದ ಲೋಹದ ಬುಡ, ಮೂರು ಕಾಲು, ತಲೆಯ ಮೇಲೆ ಗಾಜಿನ ಕಿಂಡಿಯುಳ್ಳ ಟೋಪಿ. ಡಿವಿಡಿ ರೈಟರ್ ಒಂದರಲ್ಲಿ ನೌಕರಿ ಮಾಡಿ ನಿವೃತ್ತವಾದ ಜೀವ. ಆ ಟೋಪಿಯನ್ನು ಮನೆಯಲ್ಲೇ ಕಿತ್ತುಹಾಕುವ ಹವ್ಯಾಸಿಗಳ ಮೇಲೆ ಅದಕ್ಕೆ ವಿಪರೀತ ಸಿಟ್ಟು.

ಪ್ರಶ್ನೆ: ಟೋಪಿ ತೆಗೆದರೆ ನಿಮ್ಮ ಪೂರ್ತಿ ಬೆಳಕು ಹೊರಗೆ ಬರುತ್ತದೆ ಎನ್ನುತ್ತಾರಲ್ಲ?

ಡಯೋಡ್: ಲೆಕ್ಕ ತಪ್ಪುವುದೇ ಅಲ್ಲಿ, ಸಾಹೇಬರೇ. ಕಿಂಡಿಯ ಗಾಜು ಬೆಳಕನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ಹೆಚ್ಚುಕಡಿಮೆ ಪೂರ್ತಿಯಾಗಿ ಬಿಟ್ಟುಕೊಡುತ್ತದೆ. ಕಿತ್ತರೆ ಬರುವ ಲಾಭ ಇಲ್ಲವೆನ್ನುವಷ್ಟು. ನಷ್ಟದ ಪಟ್ಟಿ ಮಾತ್ರ ಉದ್ದ. ಟೋಪಿಯೊಳಗೆ ತೇವವಿಲ್ಲದ ಗಾಳಿಯನ್ನೋ ಸಾರಜನಕವನ್ನೋ ತುಂಬಿ ಬೆಸೆದಿರುತ್ತಾರೆ. ನನ್ನ ಚಿಪ್ ಮಿಲಿಮೀಟರಿಗಿಂತ ಚಿಕ್ಕದು. ಅದರ ಕನ್ನಡಿಯಂಥ ಮುಖದಲ್ಲಿ ಬೆಳಕು ಹೊರಡುವ ಜಾಗ ಕೆಲವೇ ಮೈಕ್ರಾನ್. ಅಷ್ಟು ಇಕ್ಕಟ್ಟಿನಿಂದ ನೂರಾರು ಮಿಲಿವ್ಯಾಟ್ ನುಗ್ಗುವಾಗ ಅಲ್ಲೊಂದು ಧೂಳಿನ ಕಣ ಕೂತರೂ ಅದು ಬೆಳಕನ್ನು ಹೀರಿ, ಕಾದು, ಕನ್ನಡಿಯನ್ನೇ ಸುಟ್ಟುಬಿಡುತ್ತದೆ. ಬ್ಲೂ-ರೇಯಲ್ಲಿರುವ 405 ನ್ಯಾನೋಮೀಟರಿನ ನನ್ನ ತಮ್ಮನ ಪಾಡು ಇನ್ನೂ ಕಷ್ಟ. ಅವನ ನೇರಳೆ ಬೆಳಕು ಸುತ್ತಲಿನ ಎಣ್ಣೆಯ, ಸಿಲಿಕೋನಿನ ಆವಿಯನ್ನು ಒಡೆದು ತನ್ನ ಮುಖಕ್ಕೇ ಮೆತ್ತಿಕೊಳ್ಳುತ್ತದೆ. ಬಗಾರಾ ಬೈಂಗನ್ ಹುರಿಯುವ ಮನೆಯಲ್ಲಿ ಅವನ ಆಯುಸ್ಸು ಎಷ್ಟೆಂದು ನೀವೇ ಹೇಳಿ. ಅದೇ ಮನೆಯವರು ಟಿವಿ ರಿಮೋಟಿನ ಪ್ಲಾಸ್ಟಿಕ್ ಕವರನ್ನು ಅದು ಹಳದಿಯಾಗಿ ಹರಿಯುವವರೆಗೂ ಬಿಚ್ಚುವುದಿಲ್ಲ!

ಇನ್ನು ಶಸ್ತ್ರಚಿಕಿತ್ಸೆಯ ವೈಖರಿ. ಪ್ಲೈಯರ್‌ನಲ್ಲಿ ಟೋಪಿಯ ಅಂಚು ಹಿಡಿದು ಹಿಸುಕುತ್ತಾರೆ. ದುಂಡು ಸ್ವಲ್ಪ ಚಪ್ಪಟೆಯಾಗುತ್ತಲೇ ಗಾಜು ಚಿಟ್ಟೆಂದು ಸೀಳುತ್ತದೆ, ಚೂರು ಹೋಗಿ ಚಿನ್ನದ ತಂತಿಯ ಮೇಲೆ ಬೀಳುತ್ತದೆ. ಸುಮಾರು 25 ಮೈಕ್ರಾನ್ ದಪ್ಪದ ತಂತಿ ಅದು. ಚಿಪ್‌ಗೆ ಕರೆಂಟು ಬರುವ ದಾರಿ ಅದೊಂದೇ. ಅರದಿಂದ ಉಜ್ಜುತ್ತೇನೆಂದರೆ ಲೋಹದ ಪುಡಿ ಒಳಗೆ. ಇವೆಲ್ಲ ದಾಟಿದರೂ ಬೆರಳಿನಲ್ಲಿ ಸೇರಿಕೊಂಡ ಸ್ಥಿರ ವಿದ್ಯುತ್ತಿನ ಒಂದು ಕಿಡಿ ಸಾಕು.

ಪ್ರಶ್ನೆ: ಅಂದರೆ ಸಾಯುವವರು ನೀವು. ತೆಗೆಯುವವರಿಗೆ ಏನು ಅಪಾಯ?

ಡಯೋಡ್: ನನಗಿರುವ ಹೊದಿಕೆ ಒಂದಲ್ಲ, ಎರಡು. ಒಳಗಿನ ಟೋಪಿ ನಿಮ್ಮಿಂದ ನನ್ನನ್ನು ಕಾಯುತ್ತದೆ. ಹೊರಗಿನ ಡ್ರೈವ್ ಪೆಟ್ಟಿಗೆ ನನ್ನಿಂದ ನಿಮ್ಮನ್ನು. ಪೆಟ್ಟಿಗೆಯ ಮೇಲೆ ‘ಕ್ಲಾಸ್ 1 ಲೇಸರ್’ ಎಂದು ಚೀಟಿ ಅಂಟಿಸಿರುತ್ತಾರಲ್ಲ, ಆ ಸರ್ಟಿಫಿಕೇಟು ಪೆಟ್ಟಿಗೆಯದು, ನನ್ನದಲ್ಲ. ಹೊರಗೆ ತೆಗೆದು ಡಿಸ್ಕ್ ಬರೆಯುವಷ್ಟು ಕರೆಂಟು ಕೊಟ್ಟರೆ ಐಇಸಿ 60825-1 ಮಾನದಂಡದ ಪ್ರಕಾರ ನಾನು 3ಬಿ ವರ್ಗ. ಕಣ್ಣು ಬೆದರಿ ರೆಪ್ಪೆ ಮುಚ್ಚಲು 0.25 ಸೆಕೆಂಡ್ ಹಿಡಿಯುತ್ತದೆಂದು ಲೆಕ್ಕ ಹಾಕಿಯೇ ಕ್ಲಾಸ್ 2ಕ್ಕೆ 1 ಮಿಲಿವ್ಯಾಟ್ ಮಿತಿ ಇಟ್ಟಿದ್ದಾರೆ. ನಾನು ಅಷ್ಟು ಹೊತ್ತು ಕಾಯುವವನಲ್ಲ. ಸಿಡಿಯ 780 ನ್ಯಾನೋಮೀಟರ್ ಬೆಳಕಂತೂ ಕಣ್ಣಿಗೆ ಕಾಣುವುದೇ ಅಪರೂಪ. ಕಾಣದ್ದಕ್ಕೆ ಯಾರು ರೆಪ್ಪೆ ಮುಚ್ಚುತ್ತಾರೆ?

ಒಂದು ಮಾತು ಒಪ್ಪಿಕೊಳ್ಳಬೇಕು. ಲೆನ್ಸ್ ಇಲ್ಲದಾಗ ನನ್ನ ಬೆಳಕು ಬೀಸಣಿಗೆಯಾಗಿ ಹರಡುತ್ತದೆ, ದೂರದಲ್ಲಿ ನಿಂತವರಿಗೆ ಅಪಾಯ ಬೇಗ ಇಳಿಯುತ್ತದೆ. ಆದರೆ ಟೋಪಿ ಕಿತ್ತವರು ಯಾರೂ ದೂರ ನಿಲ್ಲುವುದಿಲ್ಲ, ಭೂತಗನ್ನಡಿ ಹಿಡಿದು ಮೂಗು ತಂದು ನನಗೇ ತಾಗಿಸುತ್ತಾರೆ. ಬಂಜಾರಾ ಹಿಲ್ಸ್‌ನಲ್ಲಿ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆ ಇದೆಯಲ್ಲ ಎಂಬ ಧೈರ್ಯವೂ ನಡೆಯದು. ಸುಟ್ಟ ರೆಟಿನಾದ ಕೋಶ ಮತ್ತೆ ಚಿಗುರುವುದಿಲ್ಲ.

ಪ್ರಶ್ನೆ: ಹಿಂದಿನ ರೇಡಿಯೋ ಹವ್ಯಾಸಿಗಳು ಓಸಿ71 ಟ್ರಾನ್ಸಿಸ್ಟರಿನ ಕಪ್ಪು ಬಣ್ಣ ಕೆರೆದು ಬೆಳಕಿನ ಸೆನ್ಸರ್ ಮಾಡಿಕೊಳ್ಳುತ್ತಿದ್ದರು. 2ಎನ್3055 ಟ್ರಾನ್ಸಿಸ್ಟರಿನ ತಲೆ ಕತ್ತರಿಸಿ ಪುಟ್ಟ ಸೋಲಾರ್ ಸೆಲ್ ಮಾಡಿದವರಿದ್ದಾರೆ. ಬಿಚ್ಚಿ ನೋಡದೆ ಯಾರು ಕಲಿತಿದ್ದಾರೆ?

ಡಯೋಡ್: ಬಲವಾದ ಆಕ್ಷೇಪ. ಆ ಹಿರಿಯರಿಗೆ ನನ್ನ ನಮಸ್ಕಾರ. ಆದರೆ ಓಸಿ71ರಲ್ಲಿ ಕೆರೆದದ್ದು ಬಣ್ಣ. ಗಾಜಿನ ಮೈ ಹಾಗೇ ಉಳಿಯುತ್ತಿತ್ತು, ಮುದ್ರೆ ಒಡೆಯುತ್ತಿರಲಿಲ್ಲ. 2ಎನ್3055 ಬೆಳಕನ್ನು ಬರಮಾಡಿಕೊಂಡಿತು, ಧೂಳು ಕೂತರೆ ಕೊಂಚ ಮಂಕಾಯಿತು, ಅಷ್ಟೇ. ನಾನು ಬೆಳಕನ್ನು ಎಸೆಯುವವನು. ಬಿಚ್ಚುವುದು ತಪ್ಪೆಂದು ನನ್ನ ವಾದವಲ್ಲ. ಜೀವಂತ ಇರುವಾಗ ಬಿಚ್ಚಿ, ಮತ್ತೆ ಕರೆಂಟು ಕೊಡುವುದಕ್ಕೆ ನನ್ನ ತಕರಾರು.

ಪ್ರಶ್ನೆ: ಪ್ರಯೋಗಾಲಯಗಳಲ್ಲಿ ತೆಗೆಯುತ್ತಾರಲ್ಲ? ಇದೇ ಊರಿನಲ್ಲಿ ಡಿಆರ್‌ಡಿಒದ ‘ಚೆಸ್’ ಕೇಂದ್ರವಿದೆ, 2025ರ ಏಪ್ರಿಲ್ 13ರಂದು ಕರ್ನೂಲಿನಲ್ಲಿ ಡ್ರೋನ್ ಹೊಡೆದುರುಳಿಸಿದ ಲೇಸರ್ ಅಸ್ತ್ರ ಅವರದೇ.

ಡಯೋಡ್: ದೊಡ್ಡ ಮನೆತನದ ನೆಂಟರ ವಿಷಯ ತೆಗೆದು ಹೊಟ್ಟೆ ಉರಿಸಬೇಡಿ. ಪ್ರಯೋಗಾಲಯದಲ್ಲಿ ಟೋಪಿ ತೆಗೆಯುವುದಕ್ಕೆ ಕಾರಣ ಇರುತ್ತದೆ: ಲೆನ್ಸನ್ನು ಚಿಪ್‌ನ ತೀರಾ ಹತ್ತಿರ ತರಬೇಕು, ಇಲ್ಲವೇ ಮುಖಕ್ಕೆ ಬೇರೆ ಲೇಪ ಕೊಟ್ಟು ಹೊರಗಿನ ಕನ್ನಡಿಯಿಂದ ತರಂಗಾಂತರ ತಿದ್ದಬೇಕು. ಅದಕ್ಕೆಂದೇ ಮಾಡಿದ ಡಬ್ಬಿ ಕೊಯ್ಯುವ ಸಲಕರಣೆ, ಮಣಿಕಟ್ಟಿಗೆ ನೆಲದ ತಂತಿ, ಆ ತರಂಗಾಂತರಕ್ಕೆ ಒಪ್ಪುವ ಕನ್ನಡಕ, ಶುಚಿಯಾದ ಗಾಳಿ. ಎಲ್ಲ ಮುಗಿದ ಮೇಲೆ ನನ್ನನ್ನು ಇನ್ನೊಂದು ಮುಚ್ಚಿದ ಪೆಟ್ಟಿಗೆಯಲ್ಲಿ ಕೂರಿಸುತ್ತಾರೆ. ಅವರು ಹೊದಿಕೆ ಬದಲಿಸುತ್ತಾರೆ, ಬೆತ್ತಲೆ ಬಿಡುವುದಿಲ್ಲ.

ಪ್ರಶ್ನೆ: ಕುತೂಹಲದ ಹುಡುಗರಿಗೆ ಏನು ಹೇಳುತ್ತೀರಿ?

ಡಯೋಡ್: ಗುಜರಿಯಲ್ಲಿ ಸತ್ತ ಡ್ರೈವ್‌ಗಳಿಗೆ ಬರವಿಲ್ಲ. ಕೆಟ್ಟ ಡಯೋಡ್ ತಂದು, ಕರೆಂಟಿನ ಹತ್ತಿರ ಸುಳಿಯದೆ, ಟೋಪಿ ಕತ್ತರಿಸಿ ಮೈಕ್ರೋಸ್ಕೋಪಿನಡಿ ಇಡಿ. ಚಿಪ್, ತಂತಿ, ಹಿಂಬದಿಯ ಬೆಳಕನ್ನು ಅಳೆಯುತ್ತಿದ್ದ ಪುಟ್ಟ ಫೋಟೋಡಯೋಡ್, ಎಲ್ಲವೂ ಜೀವಂತನಲ್ಲಿ ಕಾಣುವಷ್ಟೇ ಕಾಣುತ್ತವೆ. ಕತ್ತರಿಸುವಾಗ ಗಾಜಿನ ಚೂರು ಹಾರುತ್ತದೆ, ಮಾಮೂಲಿ ಕನ್ನಡಕವಾದರೂ ಇರಲಿ. ಚಿಪ್ ಅನ್ನು ಪುಡಿ ಮಾಡಲು ಹೋಗಬೇಡಿ. ನಮ್ಮಲ್ಲಿ ಬಹಳ ಮಂದಿಯ ಮೈಯಲ್ಲಿ ಗ್ಯಾಲಿಯಂ ಜೊತೆ ಆರ್ಸೆನಿಕ್ ಕೂಡ ಇದೆ.