ಬಣ್ಣ ಯಾವಾಗ?

ಕಾರಿಗೆ ಬಣ್ಣ ಹೊಡೆಯುವುದು ಅರ್ಧ ದಿನದ ಕೆಲಸ. ಹೊಡೆಯುವುದಕ್ಕೆ ಮುಂಚಿನ ಕೆಲಸ ಮಾತ್ರ ಮುಗಿಯುವಂಥದ್ದಲ್ಲ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಹೇಳಿದರೂ ಹಳೇ ಕಾರಿನ ಹುಚ್ಚು ಹತ್ತಿದವನ ಕಿವಿಗೆ ಬೀಳುವುದಿಲ್ಲ.

ನಮ್ಮದು ಪ್ರೀಮಿಯರ್ ಪದ್ಮಿನಿ. 1964ರಿಂದ ಮುಂಬಯಿಯ ಕುರ್ಲಾದಲ್ಲಿ ಫಿಯಟ್ 1100 ಡಿಲೈಟ್ ಆಗಿ ತಯಾರಾಗುತ್ತಿದ್ದ ಕಾರು, ಇಟಲಿಯವರ ಜೊತೆಗಿನ ಒಪ್ಪಂದ ಮುಗಿದ ಮೇಲೆ ಪ್ರೆಸಿಡೆಂಟ್ ಆಯಿತು, 1974ರಲ್ಲಿ ಪದ್ಮಿನಿಯಾಯಿತು. ರಾಷ್ಟ್ರಪತಿ ಪದವಿ ಬಿಟ್ಟು ರಾಣಿಯಾದ ಇನ್ನೊಬ್ಬರನ್ನು ನಾನು ಕಂಡಿಲ್ಲ. ಆ ಕಾಲದಲ್ಲಿ ಹಣ ಕಟ್ಟಿ, ವರ್ಷಗಟ್ಟಲೆ ಕಾದು ಕಾರು ತರಬೇಕಿತ್ತು. ನಮ್ಮಪ್ಪನೂ ಹಾಗೆಯೇ ಕಾದು ತಂದರು. ಕಾಯುವುದು ಈ ಕಾರಿನ ಜೊತೆಗೇ ನಮ್ಮ ಮೈಸೂರಿನ ಮನೆಗೆ ಬಂದದ್ದು.

ಹೊರಗಿನಿಂದ ನೋಡಿದರೆ ಕಾರಿಗೆ ಅಂಥ ರೋಗವೇನೂ ಇರಲಿಲ್ಲ. ಹಿಂದಿನ ಮಡ್‌ಗಾರ್ಡಿನ ಮೇಲೆ ನಾಲ್ಕು ಗುಳ್ಳೆ, ಬಾಗಿಲ ಕೆಳಗೆ ಒಂದು ಬಿರುಕು, ಅಷ್ಟೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಆಕ್ರಮಿಸುತ್ತದೆ, ಅದಕ್ಕೇ ಬಣ್ಣ ಉಬ್ಬುತ್ತದೆ ಎಂಬುದು ಆಮೇಲೆ ತಿಳಿಯಿತು. ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ಊಟ ಮುಗಿದು ಕೈ ತೊಳೆಯುವುದೂ ಆಗಿರುತ್ತದೆ. ಎಷ್ಟು ಜಾಗದಲ್ಲಿ ತಗಡಿದೆ, ಎಷ್ಟು ಜಾಗದಲ್ಲಿ ಹಿಂದಿನವರು ಮೆತ್ತಿದ ಪುಟ್ಟಿ ಇದೆ ಎಂದು ತಿಳಿಯಲು ಅಯಸ್ಕಾಂತ ಬೇಕು. ಮನೆಯಲ್ಲಿ ಇದ್ದದ್ದು ಫ್ರಿಜ್ಜಿಗೆ ಅಂಟಿಸಿದ್ದ ತಿರುಪತಿ ತಿಮ್ಮಪ್ಪ. ಚಪ್ಪಲಿ ಬಿಟ್ಟು, ತಿಮ್ಮಪ್ಪನನ್ನು ಹಿಡಿದು ಕಾರಿಗೆ ಒಂದು ಪ್ರದಕ್ಷಿಣೆ ಬಂದೆ. ಸ್ವಾಮಿ ನಿಂತ ಕಡೆ ಕಬ್ಬಿಣ, ಜಾರಿದ ಕಡೆ ಪುಟ್ಟಿ. ಬಾನೆಟ್ಟಿನ ಮೇಲೆ ನಿಂತ. ಮುಂದಿನ ಬಾಗಿಲಲ್ಲಿ ನಿಂತ. ಎಡಭಾಗದ ಹಿಂಬಾಗಿಲಿನಿಂದ ಆಚೆಗೆ ಏಳು ಬೆಟ್ಟವನ್ನೂ ಒಂದೇ ಸಲ ಇಳಿಯುವವನಂತೆ ಜಾರತೊಡಗಿದ.

ಕೆರೆದೆ. ಕೆನೆಬಣ್ಣದ ಕೆಳಗೆ ಬೂದುಬಣ್ಣ, ಅದರ ಕೆಳಗೆ ಇನ್ನೊಂದು ಕೆನೆಬಣ್ಣ, ಅದರ ಕೆಳಗೆ ಬೆರಳು ದಪ್ಪ ಪುಟ್ಟಿ. ಕಾರ್ಖಾನೆಯ ಬಣ್ಣವೆಂದರೆ ಪದರಗಳೆಲ್ಲ ಸೇರಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ಇಲ್ಲಿ ಗೋಡೆಗೆ ಗಾರೆ ಮಾಡಿದ್ದರು. ಗಾರೆಯ ಹಿಂದೆ, ತೂತು ಮುಚ್ಚಲು ಮುದುರಿ ತುರುಕಿದ ಕನ್ನಡ ದಿನಪತ್ರಿಕೆ. ಬಿಡಿಸಿದರೆ ರಾಜ್‌ಕುಮಾರ್ ಚಿತ್ರವೊಂದರ ಅರ್ಧ ಜಾಹೀರಾತು. ಆ ಕೆಲಸ ಮಾಡಿದ ಗ್ಯಾರೇಜು ಈಗಿಲ್ಲ. ಅಣ್ಣಾವ್ರನ್ನು ನಂಬಿದ್ದರು, ತಗಡನ್ನು ನಂಬಿರಲಿಲ್ಲ.

ಪದ್ಮಿನಿಗೆ ಲಾರಿಗಿರುವಂತೆ ಬೇರೆ ಚಾಸಿ ಇಲ್ಲ. ಮೈಯೇ ಮೂಳೆ. ಹಾಗಾಗಿ ಕಾಲಡಿಯ ತಗಡು, ಬಾಗಿಲ ಕೆಳಗಿನ ಟೊಳ್ಳು ತೊಲೆ ತುಕ್ಕು ಹಿಡಿದರೆ ಅದು ಅಂದಚಂದದ ಪ್ರಶ್ನೆಯಲ್ಲ. ಅಲ್ಲಿ ನೀರಿಳಿದು ಹೋಗಲೆಂದು ಕಾರ್ಖಾನೆಯವರು ಬಿಟ್ಟಿದ್ದ ತೂತುಗಳನ್ನು ಯಾರೋ ಪುಣ್ಯಾತ್ಮರು ಸೊಗಸಾಗಿ ಮುಚ್ಚಿದ್ದರು. ವೆಲ್ಡಿಂಗ್ ನನ್ನ ಯೋಗ್ಯತೆಯದಲ್ಲ. ಟಿಂಕರ್ ಮೇಸ್ತ್ರಿಯೊಬ್ಬರು ಗ್ಯಾಸು, ಹುಡುಗ, ಎರಡು ಸುತ್ತಿಗೆ ಸಮೇತ ಆಟೋದಲ್ಲಿ ಬಂದರು. ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ಕೂರಿಸಿ, ಮಡ್‌ಗಾರ್ಡಿನ ನೆಗ್ಗು ತೆಗೆಯುವುದನ್ನು ನನಗೆ ತೋರಿಸಿಕೊಟ್ಟರು.

ನಾನು ನೆಗ್ಗಿನ ಹಿಂದಿನಿಂದ, ನಟ್ಟನಡುವೆ, ಸುತ್ತಿಗೆ ಎತ್ತಿದ್ದೆ. ಮೇಸ್ತ್ರಿ ಕೈ ಹಿಡಿದುಕೊಂಡರು.

"ಅಲ್ಲಿ ಯಾಕೆ ಹೊಡೀತೀರಿ ಸಾರ್?"

"ಅಲ್ಲೇ ತಾನೇ ತಗ್ಗಿರೋದು?"

"ತಗ್ಗಿಗೆ ಹೊಡೆದ್ರೆ ತಗಡು ಹಿಗ್ಗುತ್ತೆ. ಆಮೇಲೆ ಒತ್ತಿದ್ರೆ ಒಳಗೆ, ಬಿಟ್ರೆ ಹೊರಗೆ, ಟಪ್ ಟಪ್ ಅಂತಿರುತ್ತೆ ಜೀವನಪೂರ್ತಿ. ಸುತ್ತ ದಿಬ್ಬ ಎದ್ದಿದೆಯಲ್ಲ, ಅದಕ್ಕೆ ಹೊಡೀರಿ. ತಗ್ಗು ತಾನಾಗೇ ಬರುತ್ತೆ."

ತಗ್ಗಿನ ಹಿಂದೆ ಡಾಲಿ ಎಂಬ ಉಕ್ಕಿನ ಗಟ್ಟಿ ಒತ್ತಿ ಹಿಡಿದು, ಮುಂದಿನಿಂದ ಅಂಚಿನ ದಿಬ್ಬವನ್ನು ಮೆಲ್ಲಗೆ ತಟ್ಟಿದರು. ಕೂಗಾಟವಿಲ್ಲ, ಬಲಪ್ರಯೋಗವಿಲ್ಲ; ತಗಡು ಮರ್ಯಾದೆಯಾಗಿ ಎದ್ದು ಬಂತು. ನನ್ನ ಕಚೇರಿಯಲ್ಲಿ ಈ ವಿದ್ಯೆ ಬಲ್ಲ ಒಬ್ಬ ಮೇಲಧಿಕಾರಿಯೂ ಇರಲಿಲ್ಲ.

ಆಮೇಲಿನದು ಪುಟ್ಟಿ. ಮೇಸ್ತ್ರಿಯ ಲೆಕ್ಕದಲ್ಲಿ ನಿಂಬೆಹಣ್ಣಿನ ಗಾತ್ರದ ಪುಟ್ಟಿಗೆ ಕಡಲೆಕಾಳಿನಷ್ಟು ಹಾರ್ಡನರ್. ಹೆಚ್ಚು ಹಾಕಿದರೆ ಮುಂದೆಂದೋ ಬಣ್ಣದ ಮೇಲೆ ಕಲೆ ಮೂಡುತ್ತದೆ, ಕಡಿಮೆ ಹಾಕಿದರೆ ಒಣಗುವುದೇ ಇಲ್ಲ. ಕಲಸಿದ ಮೇಲೆ ಕೈಯಲ್ಲಿರುವುದು ನಾಲ್ಕೈದು ನಿಮಿಷ. ಏಪ್ರಿಲ್ ಬಿಸಿಲಿನಲ್ಲಿ ಅದೂ ಇಲ್ಲ. ಅದನ್ನು ಕಲಸಲು ಅಡುಗೆಮನೆಯಿಂದ ಒಂದು ಸ್ಟೀಲ್ ತಟ್ಟೆ ತಂದಿದ್ದೆ. ಸರಿಯಾಗಿ ಆ ಹೊತ್ತಿಗೆ ಶಿವಮೊಗ್ಗದಿಂದ ಅಕ್ಕ ಫೋನ್ ಮಾಡಿದಳು. ಅಕ್ಕನ ಕ್ಷೇಮಸಮಾಚಾರಕ್ಕೆ ನಾಲ್ಕು ನಿಮಿಷ ಎಲ್ಲಿ ಸಾಕು? ಫೋನಿಟ್ಟು ನೋಡಿದರೆ ತಟ್ಟೆಯೂ ಪುಟ್ಟಿಯೂ ಅದ್ವೈತ. ತಟ್ಟೆಯ ಅಂಚಿನಲ್ಲಿ ನಮ್ಮತ್ತೆಯ ಹೆಸರೂ ಮದುವೆಯ ತಾರೀಖೂ ಕೆತ್ತಿದ್ದವು.

ಪುಟ್ಟಿ ಮೆತ್ತುವುದು ಉಜ್ಜಿ ತೆಗೆಯುವುದಕ್ಕಾಗಿ. ಮೆತ್ತಿದ್ದರಲ್ಲಿ ಮುಕ್ಕಾಲು ಪಾಲು ನೆಲಕ್ಕೆ ಸೇರಬೇಕು. 80ನೇ ನಂಬರಿನ ಕಾಗದದಿಂದ ಶುರು, ಆಮೇಲೆ 180, 320. ನಂಬರು ಏರಿದಂತೆ ಕಾಗದ ನಯ, ಮನುಷ್ಯ ಒರಟು. ನೀರು ಹಾಕಿ ಉಜ್ಜಿದರೆ ಧೂಳು ಏಳುವುದಿಲ್ಲ ಎಂದು ಬಕೆಟ್ ತಂದರೆ ಮೇಸ್ತ್ರಿ ಬೇಡವೆಂದರು. ಪುಟ್ಟಿ ನೀರು ಕುಡಿಯುತ್ತದೆ, ಕುಡಿದ ನೀರನ್ನು ಕೆಳಗಿನ ತಗಡಿಗೆ ಕೊಡುತ್ತದೆ, ಮುಂದಿನ ಮಳೆಗಾಲಕ್ಕೆ ಗುಳ್ಳೆ ಗ್ಯಾರಂಟಿ. ಒಣ ಕಾಗದ, ಮೂಗಿಗೆ ಮಾಸ್ಕು, ಕಾಗದದ ಹಿಂದೆ ಮರದ ತುಂಡು. ಬರೀ ಬೆರಳಲ್ಲಿ ಉಜ್ಜಿದರೆ ಬೆರಳಿನ ಗುರುತೇ ಉಳಿಯುತ್ತದೆ. ಬೂದುಬಣ್ಣದ ಹುಡಿ ಪೋರ್ಟಿಕೋ ತುಂಬಿ, ರಂಗೋಲಿ ಮುಚ್ಚಿ, ತುಳಸಿಗೆ ವಿಭೂತಿ ಬಳಿದು, ಒಳಮನೆಗೂ ನಡೆಯಿತು. ಸಾರಿನಲ್ಲಿ ಸಿಕ್ಕಿತೆಂದು ನನ್ನವಳು ದೂರಿದಳು. ನನಗೆ ರುಚಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದನ್ನು ಹೇಳಲು ಧೈರ್ಯ ಬರಲಿಲ್ಲ.

ಸಮ ಆಯಿತೇ ಎಂದು ಕಣ್ಣು ಹೇಳಲಾರದು. ಅಂಗೈ ಮೇಲೆ ತೆಳು ಹತ್ತಿಬಟ್ಟೆ ಹಾಕಿ, ಕಣ್ಣು ಮುಚ್ಚಿ, ಉದ್ದಕ್ಕೂ ಸವರಬೇಕು. ಬಟ್ಟೆ ಚರ್ಮದ ಜಿಡ್ಡನ್ನು ಮರೆಸಿ ಕೈಯನ್ನು ಜಾರಿಸುತ್ತದೆ; ಕೂದಲೆಳೆಯಷ್ಟು ಏರು ಅಂಗೈಗೆ ತಾಕುತ್ತದೆ. ಕಣ್ಣು ಮುಚ್ಚಿ ಕಾರು ಸವರುತ್ತ ನಿಂತವನನ್ನು ಬೀದಿಯವರು ಯಾವ ದೃಷ್ಟಿಯಲ್ಲಿ ನೋಡುತ್ತಾರೆ ಎಂಬುದನ್ನು ಯೋಚಿಸಬಾರದು. ಎದುರುಮನೆ ರಾಯರು ಹಾಲು ತರಲು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, "ಬಣ್ಣ ಯಾವಾಗ?" ಎನ್ನುತ್ತಿದ್ದರು. 1914ರಿಂದ 1925ರವರೆಗೆ ಫೋರ್ಡ್ ಮಾಡೆಲ್ ಟಿ ಕಪ್ಪು ಬಣ್ಣದಲ್ಲಿ ಮಾತ್ರ ಸಿಗುತ್ತಿತ್ತು, ಆ ಕಾಲದಲ್ಲಿ ಒಳ್ಳೆಯ ಕಾರಿಗೆ ಕುಂಚದಲ್ಲಿ ಬಣ್ಣ ಹಚ್ಚಿ ಒಣಗಿಸಲು ವಾರಗಟ್ಟಲೆ ಹಿಡಿಯುತ್ತಿತ್ತು, ಡ್ಯೂಪಾಂಟ್‌ನವರ ಡ್ಯೂಕೋ ಬಂದಮೇಲೆಯೇ ಬೇಗ ಒಣಗುವ ಬಣ್ಣಬಣ್ಣದ ಕಾರುಗಳು ಬಂದದ್ದು ಎಂದು ವಿವರಿಸಿದೆ. ರಾಯರು ಪೂರ್ತಿ ಕೇಳಿ, "ಅದಿರಲಿ, ನಿಮ್ಮದು ಯಾವಾಗ?" ಎಂದರು.

ಪ್ರೈಮರ್ ಹೊಡೆದ ದಿನ ಕಾರು ಒಂದೇ ಬೂದುಬಣ್ಣದಲ್ಲಿ ನಿಂತಿತು. ಹಿಂದಿನ ಪುಟ್ಟ ರೆಕ್ಕೆಗಳು, ದುಂಡು ಹುಬ್ಬಿನ ಹೆಡ್‌ಲೈಟು, ಎಲ್ಲವೂ ಆಗ ತಾನೇ ಕಡೆದಂತಿದ್ದವು. ನನ್ನನ್ನು ಕೇಳಿದರೆ ಪದ್ಮಿನಿಯ ನಿಜವಾದ ಚೆಲುವು ಪ್ರೈಮರಿನಲ್ಲೇ. ಆದರೆ ಅದರ ಮೇಲೆ ಕಪ್ಪು ಬಣ್ಣವನ್ನು ಮಂಜಿನ ಹಾಗೆ ಸಿಂಪಡಿಸಿ ಮತ್ತೆ ಉಜ್ಜಬೇಕು. ದಿಬ್ಬದ ಕಪ್ಪು ಹೋಗುತ್ತದೆ, ತಗ್ಗಿನ ಕಪ್ಪು ಉಳಿಯುತ್ತದೆ. ಸಮವಾಗಿದೆ ಎಂದು ಕೈ ಪ್ರಮಾಣ ಮಾಡಿದ್ದ ಬಾಗಿಲ ಮೇಲೆ ಕರ್ನಾಟಕದ ನದಿಗಳೆಲ್ಲ ಕಾಣಿಸಿಕೊಂಡವು. ಮತ್ತೆ ಪುಟ್ಟಿ, ಮತ್ತೆ ಕಾಗದ.

ಇದರಿಂದ ಅಂಟಿದ ಚಟವೆಂದರೆ, ಈಗ ಯಾರ ಕಾರನ್ನೂ ಸುಮ್ಮನೆ ನೋಡಲಾಗುವುದಿಲ್ಲ. ಮದುವೆ ಛತ್ರದ ಮುಂದೆ ನಿಂತ ಕಾರುಗಳ ಪಕ್ಕ ಬಗ್ಗಿ, ಟ್ಯೂಬ್‌ಲೈಟಿನ ಪ್ರತಿಬಿಂಬ ಎಲ್ಲಿ ಸೊಟ್ಟಗಾಗುತ್ತದೆ ಎಂದು ಹುಡುಕುತ್ತೇನೆ. ಷಡ್ಡಕರ ಸೆಕೆಂಡ್ ಹ್ಯಾಂಡ್ ಕಾರನ್ನು ಕರವಸ್ತ್ರದಲ್ಲಿ ಸವರಿ, "ಎಡಗಡೆ ಒಂದ್ಸಲ ಹೊಡೆಸ್ಕೊಂಡಿದೆ" ಎಂದದ್ದಕ್ಕೆ ಅವರು ಆ ಮದುವೆಯ ಊಟದಲ್ಲಿ ನನ್ನ ಪಂಕ್ತಿಗೆ ಕೂರಲಿಲ್ಲ.

ಕೊನೆಗೆ ಬಣ್ಣದ ಆಯ್ಕೆ. ನನ್ನವಳು ಮರೂನ್ ಎಂದಳು, ಮಗಳು ಪಿಸ್ತಾ ಹಸಿರು ಎಂದಳು. ಬಣ್ಣ ಬದಲಾಯಿಸಿದರೆ ಆರ್‌ಟಿಓ ಕಚೇರಿಗೆ ಹೋಗಿ ಆರ್‌ಸಿಯಲ್ಲಿ ತಿದ್ದಿಸಬೇಕು ಎಂದ ಕೂಡಲೇ ಇಬ್ಬರೂ ಕೆನೆಬಣ್ಣಕ್ಕೆ ಒಪ್ಪಿದರು. ಈಗಿನ ಎರಡು ಡಬ್ಬಿ ಬೆರೆಸುವ ಪಿಯು ಬಣ್ಣದ ಆವಿ ಶ್ವಾಸಕೋಶಕ್ಕೆ ಕೇಡು, ಪೋರ್ಟಿಕೋದಲ್ಲಿ ಹೊಡೆಯುವಂಥದ್ದಲ್ಲ. ಅದಕ್ಕೆ ಬೇಕಾದ ಕೋಣೆ, ಗಾಳಿಯ ವ್ಯವಸ್ಥೆ ಇರುವ ಪೇಂಟರ್ ಬಳಿ ಕಾರನ್ನು ಎಳೆಸಿಕೊಂಡು ಹೋದದ್ದಾಯಿತು. ಅವರು ಅರ್ಧ ದಿನದಲ್ಲಿ ಮುಗಿಸಿದರು.

ಪಾಲಿಶ್ ಆಗಿ, ಬಂಪರಿನ ಕ್ರೋಮ್ ಹೊಳೆಸಿಕೊಂಡು, ಹೂವಿನ ಹಾರ ಹಾಕಿಕೊಂಡು ಪದ್ಮಿನಿ ಮನೆಗೆ ಬಂದಳು. ರಾಯರು ಹಾಲಿನ ಪ್ಯಾಕೆಟ್ ಹಿಡಿದೇ ನಿಂತರು. ಒಂದು ಸುತ್ತು ಬಂದು, ಬಗ್ಗಿ, ಎದ್ದು, ಕನ್ನಡಕ ಸರಿಮಾಡಿಕೊಂಡರು.

"ಮುಂಚೆನೂ ಇದೇ ಬಣ್ಣ ಇತ್ತಲ್ವಾ? ಮತ್ತೆ ಇಷ್ಟು ದಿನ ಏನ್ ಮಾಡ್ತಿದ್ರಿ ಸ್ವಾಮಿ?"

ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಉತ್ತರ ಬಂತು:

"ನಮ್ಮಮ್ಮನ ತಟ್ಟೆ ಹಾಳು ಮಾಡ್ತಿದ್ರು!"